ಜೀವಕೋಶದೊಳಗಣ ಒಲೆಯೂ ಸೌದೆಯ ಕೊಟ್ಟಿಗೆಯೂ

ಪ್ರಾಣಿಗಳ ಮತ್ತು ಸಸ್ಯಗಳ ಶರೀರವು ಜೀವಕೋಶಗಳಿಂದ ಕಟ್ಟಲ್ಪಟ್ಟಿರುವುದೆಂಬುದನ್ನು ಈ ಸಂಚಿಕೆಯ ವಾಚಕರಲ್ಲಿ ಬಹುಮಂದಿ ಶಾಲೆಯಲ್ಲಿದ್ದಾಗಲೇ ಕಲಿತಿರುವರು. ನಡುವೆ ಕೋಶಕೇಂದ್ರವನ್ನು ಬರೆದು, ಸುತ್ತಲೂ ಅವರೆಕಾಳಿನಂಥ ಕೆಲವು ಆಕೃತಿಗಳನ್ನು ಬಿಡಿಸಿ, ಅವಕ್ಕೆ ಮೈಟೊಕಾಂಡ್ರಿಯವೆಂದು ಹೆಸರು ಕೊಟ್ಟು ಪರೀಕ್ಷೆಯಲ್ಲಿ ಅಂಕಗಳನ್ನು ಪಡೆದವರೂ ಉಂಟು. ಆದರೆ ಆ ಕಾಳುಗಳು ಮಾಡತಕ್ಕ ಕೆಲಸವೇನು, ಅವುಗಳ ನೆರೆಯಲ್ಲಿದ್ದರೂ ಚಿತ್ರದಲ್ಲಿ ಅನೇಕವೇಳೆ ಬಿಟ್ಟುಹೋಗುವ ಪೆರಾಕ್ಸಿಸೋಮುಗಳೆಂಬ ಚೀಲಗಳ ಕೆಲಸವೇನು, ಇವು ಕೆಟ್ಟರೆ ಒಂದು ಮನೆಗೆ ಏನು ಬಂದೊದಗುವುದು ಎಂಬುದನ್ನು ತಾಯಿತಂದೆಗಳು ತಿಳಿದಿರುವುದು ಅವಶ್ಯವು.

ನಾವು ಸೇವಿಸುವ ಆಮ್ಲಜನಕವು ಕಟ್ಟಕಡೆಗೆ ಹೋಗಿ ಸೇರುವ ಸ್ಥಳವು ಶ್ವಾಸಕೋಶವಲ್ಲ. ರಕ್ತದ ಮೂಲಕ ಕೋಶಕೋಶಕ್ಕೂ ಹಂಚಲ್ಪಟ್ಟು, ಅದರ ಬಹುಭಾಗವು ಮೈಟೊಕಾಂಡ್ರಿಯಗಳಲ್ಲಿ ವ್ಯಯವಾಗುವುದು. ೧೮೯೮ ರಲ್ಲಿ ಕಾರ್ಲ್ ಬೆಂಡಾ ಎಂಬ ಜರ್ಮನ್ ಪಂಡಿತನು ಗ್ರೀಕ್ ಭಾಷೆಯ ನೂಲು ಮತ್ತು ಕಾಳು ಎಂಬ ಅರ್ಥದ ಎರಡು ಶಬ್ದಗಳನ್ನು ಕೂಡಿಸಿ ಇವಕ್ಕೆ ಈ ಹೆಸರಿಟ್ಟನು. ಇವಕ್ಕೆ ಪೊರೆಗಳು ಎರಡು. ಹೊರಪೊರೆಯು ನುಣುಪಾಗಿರುವುದು, ಒಳಪೊರೆಯು ಸೀರೆಯ ನೆರಿಗೆಗಳಂತೆ ಮಡಿಕೆಮಡಿಕೆಯಾಗಿ ಒಳಕ್ಕೆ ಚಾಚಿರುವುದು. ಕಿರಿದಾದ ಸ್ಥಳದಲ್ಲಿ ಹೆಚ್ಚು ಪೊರೆಯನ್ನು ಹಿಡಿಸುವುದೇ ಈ ನೆರಿಗೆಯ ಪ್ರಯೋಜನವು. ಏಕೆಂದರೆ ಕೆಲಸವೆಲ್ಲವೂ ನಡೆಯುವುದು ಆ ಪೊರೆಯ ಮೇಲೆಯೇ. ಅಲ್ಲಿ ಸಾಲಾಗಿರುವ ಪ್ರೋಟೀನುಗಳು ಅನ್ನದಿಂದ ದೊರೆತ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆಂಬಂತೆ ದಾಟಿಸಿ, ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುವುವು, ಆಗ ನೀರುಂಟಾಗುವುದು. ದಾಟುವಾಗ ಬಿಡುಗಡೆಯಾದ ಶಕ್ತಿಯಿಂದ ಹೈಡ್ರೊಜನ್ ಅಯಾನುಗಳು ಎರಡು ಪೊರೆಗಳ ನಡುವಣ ಎಡೆಗೆ ತಳ್ಳಲ್ಪಟ್ಟು, ಅಣೆಕಟ್ಟಿನ ಹಿಂದಣ ನೀರಿನಂತೆ ಅಲ್ಲಿ ಕೂಡಿಕೊಳ್ಳುವುವು. ಅವು ಮರಳಿ ಒಳಕ್ಕೆ ಹರಿಯುವ ದಾರಿಯಲ್ಲಿ ಒಂದು ಪ್ರೋಟೀನಿನ ಚಕ್ರವುಂಟು. ಅದು ನಿಜವಾಗಿಯೂ ತಿರುಗುವುದು. ತಿರುಗಿದಂತೆಲ್ಲ ಎಟಿಪಿ ಎಂಬ ವಸ್ತುವು ಸಿದ್ಧವಾಗುವುದು. ಸ್ನಾಯುವಿನ ಚಲನೆಗೂ ನರಗಳ ಸಂದೇಶಕ್ಕೂ ಈ ಎಟಿಪಿಯೇ ಚಲಾವಣೆಯ ನಾಣ್ಯವು. ಈ ಅಣೆಕಟ್ಟಿನ ಕಲ್ಪನೆಯನ್ನು ೧೯೬೧ ರಲ್ಲಿ ಪೀಟರ್ ಮಿಚೆಲ್ ಎಂಬಾತನು ಪ್ರಕಟಿಸಿದಾಗ ಅನೇಕ ವಿದ್ವಾಂಸರು ನಂಬಲಿಲ್ಲ. ೧೯೭೮ ರಲ್ಲಿ ಅದಕ್ಕಾಗಿಯೇ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನು ಪೆರಾಕ್ಸಿಸೋಮುಗಳ ವಿಚಾರ. ಇವಕ್ಕೆ ಪೊರೆಯು ಒಂದೇ. ೧೯೫೪ ರಲ್ಲಿ ಇಲಿಯ ಮೂತ್ರಪಿಂಡದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇವನ್ನು ಕಂಡರು. ಇವುಗಳ ಕೆಲಸವನ್ನು ಶೋಧಿಸಿ ಹೆಸರಿಟ್ಟವನು ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡ್ಯೂವ್. ಉದ್ದವಾದ ಸೌದೆಯು ಒಲೆಗೆ ಹಿಡಿಯಲಾರದೆಂದು ನಾವು ಅದನ್ನು ಕೊಟ್ಟಿಗೆಯಲ್ಲಿ ಕಡಿದು ತರುವೆವಷ್ಟೆ. ಹಾಗೆಯೇ ಇಪ್ಪತ್ತೆರಡು ಅಥವಾ ಅದಕ್ಕೂ ಹೆಚ್ಚು ಇಂಗಾಲದ ಪರಮಾಣುಗಳುಳ್ಳ ಉದ್ದನೆಯ ಕೊಬ್ಬಿನ ಆಮ್ಲಗಳು ಮೊದಲು ಪೆರಾಕ್ಸಿಸೋಮಿನಲ್ಲಿ ತುಂಡಾಗಿ, ಬಳಿಕ ಮೈಟೊಕಾಂಡ್ರಿಯವೆಂಬ ಒಲೆಗೆ ಹೋಗುವುವು. ಆದರೆ ಈ ಕಡಿಯುವ ಕೆಲಸದಲ್ಲಿ ಒಂದು ಅಪಾಯವುಂಟು. ಇಲ್ಲಿ ಆಮ್ಲಜನಕದಿಂದ ನೀರಿಗೆ ಬದಲಾಗಿ ಹೈಡ್ರೊಜನ್ ಪೆರಾಕ್ಸೈಡ್ ಎಂಬ ದ್ರವವು ಹುಟ್ಟುವುದು. ಅದು ಕೂಡಿಕೊಂಡರೆ ಕೋಶಕ್ಕೆ ವಿಷವು. ಆದಕಾರಣ ಅದೇ ಚೀಲದಲ್ಲಿ ಕೆಟಲೇಸ್ ಎಂಬ ಕಿಣ್ವವೂ ಇದ್ದು, ಆ ವಿಷವನ್ನು ಕೂಡಲೇ ನೀರಾಗಿಯೂ ಆಮ್ಲಜನಕವಾಗಿಯೂ ಒಡೆಯುವುದು. ಇದನ್ನು ಮನೆಯಲ್ಲಿಯೇ ನೋಡಬಹುದು. ಗಾಯ ತೊಳೆಯುವುದಕ್ಕೆಂದು ಔಷಧದ ಅಂಗಡಿಯಲ್ಲಿ ಮಾರುವ ಪೆರಾಕ್ಸೈಡಿನ ಕೆಲವು ಹನಿಗಳನ್ನು ಆಗತಾನೆ ಹೆಚ್ಚಿದ ಹಸಿ ಆಲೂಗಡ್ಡೆಯ ಮೇಲೆ ಬಿಟ್ಟರೆ ನೊರೆಯು ಉಕ್ಕುವುದು. ಬೇಯಿಸಿದ ಆಲೂಗಡ್ಡೆಯ ಮೇಲೆ ಬಿಟ್ಟರೆ ಉಕ್ಕದು. ಬೆಂಕಿಯ ತಾಪಕ್ಕೆ ಕಿಣ್ವವು ಕೆಟ್ಟಿರುವುದು.

ಹೊಲದಲ್ಲಿ ಮೊಳೆಯುವ ಹರಳು ಬೀಜದಲ್ಲಿಯೂ ಪೆರಾಕ್ಸಿಸೋಮಿನ ಜಾತಿಯ ಚೀಲಗಳುಂಟು. ಬೀಜದ ಎಣ್ಣೆಯು ಎಳೆಯ ಸಸಿಗೆ ಸಕ್ಕರೆಯಾಗಿ ಮಾರ್ಪಡುವುದರಲ್ಲಿ ಅವುಗಳ ಪಾತ್ರವು ದೊಡ್ಡದು.

ಈ ಕೊಟ್ಟಿಗೆಯು ಕೆಟ್ಟರೆ ಆಗುವುದನ್ನು ಅಡ್ರಿನೊಲ್ಯುಕೊಡಿಸ್ಟ್ರೊಫಿ ಎಂಬ ರೋಗವು ತೋರಿಸುವುದು. ಉದ್ದನೆಯ ಕೊಬ್ಬನ್ನು ಪೆರಾಕ್ಸಿಸೋಮಿನೊಳಕ್ಕೆ ಸಾಗಿಸುವ ಪ್ರೋಟೀನಿನಲ್ಲಿ ದೋಷವಿದ್ದುದರಿಂದ ಆ ಕೊಬ್ಬು ಮಿದುಳಿನಲ್ಲಿಯೂ ಅಡ್ರಿನಲ್ ಗ್ರಂಥಿಗಳಲ್ಲಿಯೂ ಶೇಖರವಾಗುವುದು. ಅದರ ಉಗ್ರರೂಪವು ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷದೊಳಗಿನ ಗಂಡುಮಕ್ಕಳಲ್ಲಿ ತಲೆದೋರುವುದು. ಪಾಠದಲ್ಲಿ ಚುರುಕಾಗಿದ್ದ ಬಾಲಕನು ಗಮನವಿಲ್ಲದವನಾಗುವನು; ಅಕ್ಷರವು ಕೆಡುವುದು; ಕರೆದರೆ ಕೇಳಿಸದಂತಿರುವನು. ಇದನ್ನು ಉದಾಸೀನವೆಂದೋ ತುಂಟತನವೆಂದೋ ತಿಳಿದು ದಂಡಿಸುವುದು ಸುಲಭವು. ಅಸ್ಥಿಮಜ್ಜೆಯನ್ನು ಬದಲಿಸುವ ಚಿಕಿತ್ಸೆಯು ರೋಗವು ಮಿದುಳಿನಲ್ಲಿ ಹೆಚ್ಚು ಹರಡುವುದಕ್ಕೆ ಮುಂಚೆ ನಡೆದರೆ ಮಾತ್ರ ಫಲಕಾರಿಯಾಗುವುದರಿಂದ, ಚುರುಕಾಗಿದ್ದ ಮಗುವು ಹೀಗೆ ಹಿಂದೆಬಿದ್ದರೆ ಬೆತ್ತಕ್ಕಿಂತ ಮೊದಲು ವೈದ್ಯರನ್ನು ನೆನೆಯತಕ್ಕದ್ದು. ಈ ದೋಷದ ಜೀನು ಎಕ್ಸ್ ಎಂಬ ವರ್ಣತಂತುವಿನ ಮೇಲಿರುವುದು. ಅದನ್ನು ಹೊತ್ತ ತಾಯಿಯ ಪ್ರತಿಯೊಬ್ಬ ಮಗನಿಗೂ ಪ್ರತಿಯೊಬ್ಬ ಮಗಳಿಗೂ ಅದು ಬರುವ ಸಂಭವವು ಅರ್ಧಾರ್ಧವು. ತಂದೆಯಿಂದಲಾದರೆ ಹೆಣ್ಣುಮಕ್ಕಳೆಲ್ಲರಿಗೂ ಬರುವುದು, ಗಂಡುಮಕ್ಕಳಿಗೆ ಬಾರದು.

ಮೈಟೊಕಾಂಡ್ರಿಯದ ರೀತಿಯೇ ಬೇರೆ. ಇವುಗಳ ಪೂರ್ವಜರು ಬಹು ಪುರಾತನಕಾಲದಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದ ಬ್ಯಾಕ್ಟೀರಿಯಗಳಾಗಿದ್ದು, ಬೇರೊಂದು ಕೋಶದೊಳಗೆ ಬಂದು ನೆಲೆಸಿದುವು. ಆ ಹಳೆಯ ಬಾಳಿನ ಗುರುತಾಗಿ ಮನುಷ್ಯನ ಮೈಟೊಕಾಂಡ್ರಿಯದಲ್ಲಿ ಮೂವತ್ತೇಳು ಜೀನುಗಳುಳ್ಳ ಒಂದು ಡಿಎನ್‌ಎ ಉಂಗುರವು ಇಂದಿಗೂ ಉಳಿದಿದೆ. ಅದು ಮಕ್ಕಳಿಗೆ ಬರುವುದು ತಾಯಿಯ ಅಂಡಾಣುವಿನಿಂದಲೇ. ಅವಳಿಗೆ ಅವಳ ತಾಯಿಯಿಂದ, ಆ ತಾಯಿಗೆ ಅಜ್ಜಿಯಿಂದ. ಗಂಡುಮಕ್ಕಳಿಗೂ ಇದು ಬರುವುದಾದರೂ ಅವರಿಂದ ಮುಂದಕ್ಕೆ ಸಾಗದು.

ಇದನ್ನು ಕೇಳಿದೊಡನೆ ಮಗುವಿನ ರೋಗಕ್ಕೆಲ್ಲ ತಾಯಿಯೇ ಕಾರಣಳೆಂದು ಹೇಳಲು ಕಾದಿರುವ ಅತ್ತೆಯರೂ ನೆಂಟರೂ ಇಲ್ಲದಿಲ್ಲ. ಅದು ಸರಿಯಲ್ಲ. ಮೈಟೊಕಾಂಡ್ರಿಯಕ್ಕೆ ಬೇಕಾದ ಸಾವಿರಕ್ಕೂ ಮಿಕ್ಕ ಪ್ರೋಟೀನುಗಳಲ್ಲಿ ಆ ಉಂಗುರವು ಹೇಳಿಕೊಡುವುದು ಹದಿಮೂರನ್ನು ಮಾತ್ರ. ಉಳಿದುವಕ್ಕೆ ಕೋಶಕೇಂದ್ರದ ಜೀನುಗಳೇ ಆಧಾರವು, ಮತ್ತು ಅವು ತಂದೆತಾಯಿಗಳಿಬ್ಬರಿಂದಲೂ ಬರುವುವು. ಅಂದಮೇಲೆ ಮೈಟೊಕಾಂಡ್ರಿಯದ ರೋಗಗಳಲ್ಲಿಯೂ ಎಷ್ಟೋ ಇಬ್ಬರ ಕಡೆಯಿಂದ ಬಂದುವು. ತಾಯಿಯಿಂದಲೇ ಬಂದುದರಲ್ಲಿಯೂ ಅವಳು ಮಾಡಿದ ತಪ್ಪೇನು?

ಆದರೆ ತಾಯಿಯ ವಂಶವನ್ನು ತಿಳಿದಿರುವುದರಿಂದ ಪ್ರಯೋಜನವುಂಟು. ಆ ಉಂಗುರದಲ್ಲಿ ೧೫೫೫ನೆಯ ಸ್ಥಾನದ ಒಂದು ಅಕ್ಷರವು ಬದಲಾಗಿರುವವರಿಗೆ ಸ್ಟ್ರೆಪ್ಟೊಮೈಸಿನ್, ಜೆಂಟಮೈಸಿನ್ ಮೊದಲಾದ ಔಷಧಗಳಿಂದ ಕಿವುಡು ಬರುವ ಸಂಭವವು ಹೆಚ್ಚೆಂದು ೧೯೯೩ ರಲ್ಲಿ ತಿಳಿದುಬಂದಿತು. ಈ ಔಷಧಗಳು ಬ್ಯಾಕ್ಟೀರಿಯಗಳ ಪ್ರೋಟೀನು ಕಟ್ಟುವ ಯಂತ್ರವನ್ನು ಹಿಡಿಯುವುವು; ಆ ಬದಲಾವಣೆಯಿಂದ ಮೈಟೊಕಾಂಡ್ರಿಯದ ಯಂತ್ರವು ಬ್ಯಾಕ್ಟೀರಿಯದ ಯಂತ್ರವನ್ನೇ ಇನ್ನಷ್ಟು ಹೋಲುವುದರಿಂದ ಔಷಧವು ಅದನ್ನೂ ಹಿಡಿಯುವುದು. ಆದುದರಿಂದ ತಾಯಿಗಾಗಲಿ, ಸೋದರಮಾವನಿಗಾಗಲಿ, ದೊಡ್ಡಮ್ಮ ಚಿಕ್ಕಮ್ಮಂದಿರಿಗಾಗಲಿ, ತಾಯಿಯ ತಾಯಿಗಾಗಲಿ ಇಂಥ ಚುಚ್ಚುಮದ್ದಿನ ಬಳಿಕ ಕಿವಿ ಮಂದವಾದುದುಂಟಾದರೆ, ಮಗುವಿಗೆ ಔಷಧ ಕೊಡುವುದಕ್ಕೆ ಮುಂಚೆಯೇ ಆ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು. ಬೇರೆ ಔಷಧವನ್ನು ಆರಿಸಿಕೊಳ್ಳಲು ಅವರಿಗೆ ಬಹುಮಟ್ಟಿಗೆ ಅವಕಾಶವಿರುವುದು.