ಸೈನೈಡ್ ಗುಡ್ಡ ತೊಳೆಯೋ ದುಡ್ಡು ಯಾರದು?

ಪುತ್ರಜಯಾದ ಕೆರೆ ದಂಡೆ ಮೇಲೆ ಸಂಜೆ ನಡೆಯುವ ನಾವು ಗಮನಿಸದ ಒಂದು ಸಂಗತಿ ಇದೆ. ಇಲ್ಲಿ ಮೊದಲು ಇದ್ದದ್ದು ಪ್ರಾಂಗ್ ಬೆಸಾರ್ ಎಂಬ ತೋಟ. ಸುತ್ತಲಿನ ತೋಟಗಳ ಗೊಬ್ಬರ, ಕೀಟನಾಶಕ ಹರಿದು ಬಂದರೆ ಹೊಸ ಕೆರೆ ಕೆಡುತ್ತದೆ ಅಂತ 1997-98ರಲ್ಲಿ ಸುಮಾರು 200 ಹೆಕ್ಟೇರ್ ಜೌಗು ಕಟ್ಟಿ, ಗಿಡ ನೆಟ್ಟು, ಆಮೇಲೆ ಕೆರೆ ತುಂಬಿಸಿದರು. ಅಂದರೆ ಶುದ್ಧೀಕರಣದ ಖರ್ಚು ಊರು ಕಟ್ಟುವ ಖರ್ಚಿನೊಳಗೇ ಸೇರಿತ್ತು. ನೆಲ ಆಗಲೇ ಕೆಟ್ಟು, ಕೆಡಿಸಿದವರು ಬಾಗಿಲು ಹಾಕಿಕೊಂಡು ಹೋಗಿದ್ದರೆ? ಈ ಪಾಠಕ್ಕೆ ನಾವು ನಮ್ಮ ಕೋಲಾರದ ಕೆಜಿಎಫ್ ಅನ್ನೇ ತೆಗೆದುಕೊಳ್ಳೋಣ.

ಮೊದಲು ಆ ಗುಡ್ಡ ಏನು ಅಂತ ತಿಳಿಯಬೇಕು. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕೆಸರನ್ನು ಸುರಿದು ಸುರಿದು ಆದದ್ದು ಅದು. ಮೂರು ಕೋಟಿ ಟನ್ನಿಗೂ ಹೆಚ್ಚು ಇದೆ. ಹೆಸರಿಗೆ ಹೆದರುವವರು ಸೈನೈಡನ್ನೇ ನೆನೆಯುತ್ತಾರೆ. ನಿಜ ಹೇಳಬೇಕೆಂದರೆ ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ಒಡೆಯುತ್ತದೆ. ಒಡೆಯದೆ ಉಳಿಯುವುದು ಭಾರಲೋಹ ಮತ್ತು ಸಿಲಿಕಾ ಧೂಳು. ಬೇಸಿಗೆಯ ಗಾಳಿಗೆ ಆ ಧೂಳು ಎದ್ದು ಕಾಲೋನಿಗಳ ಮೇಲೆ ಕೂರುತ್ತದೆ. ‘ಕೆಜಿಎಫ್’ ಸಿನಿಮಾದಲ್ಲಿ ಕಂಡದ್ದೆಲ್ಲ ಸೆಟ್ಟಿನ ಧೂಳಲ್ಲ, ಚಿತ್ರೀಕರಣದ ಒಂದಷ್ಟು ಭಾಗ ಇದೇ ಗುಡ್ಡಗಳಲ್ಲಿ ಆಯಿತು!

ಈಗ ದುಡ್ಡಿನ ವಿಷಯ. ‘ಕೆಡಿಸಿದವನೇ ತೆರಬೇಕು’ ಅನ್ನೋದು ಎಲ್ಲ ಕಡೆಯ ತತ್ವ. ಮಲೇಷ್ಯಾದಲ್ಲೇ ಪೆರಾಕಿನ ಬುಕಿತ್ ಮೇರಾ ಉದಾಹರಣೆ ಇದೆ. ಅಲ್ಲಿನ ಅಪರೂಪದ ಲೋಹಗಳ ಕಾರ್ಖಾನೆ ಥೋರಿಯಂ ಇದ್ದ ತ್ಯಾಜ್ಯ ಬಿಟ್ಟಿತು; ಊರವರು 1985ರಲ್ಲಿ ಕೋರ್ಟಿಗೆ ಹೋದರು; 1994ರಲ್ಲಿ ಕಾರ್ಖಾನೆ ಮುಚ್ಚುವ ಘೋಷಣೆ ಬಂತು. ಆಮೇಲಿನ ಶುದ್ಧೀಕರಣಕ್ಕೆ ಪಾಲುದಾರನಾಗಿದ್ದ ಮಿತ್ಸುಬಿಷಿ ಕೆಮಿಕಲ್ ಸುಮಾರು 10 ಕೋಟಿ ಡಾಲರ್ ಹಾಕಿತೆಂದು ವರದಿಯಾಯಿತು. ಹಿಡಿದು ಕೇಳಲು ಅಲ್ಲಿ ಒಬ್ಬ ಆಸಾಮಿ ಇದ್ದ.

ಕೆಜಿಎಫ್‌ನಲ್ಲಿ ಯಾರನ್ನು ಕೇಳೋಣ? 1880ರಿಂದ ಜಾನ್ ಟೇಲರ್ ಕಂಪನಿ, 1956ರಿಂದ ಮೈಸೂರು ರಾಜ್ಯ, 1962ರಿಂದ ಕೇಂದ್ರ, 1972ರಿಂದ ಭಾರತ್ ಗೋಲ್ಡ್ ಮೈನ್ಸ್. 28 ಫೆಬ್ರವರಿ 2001ಕ್ಕೆ ಬೀಗ. ಗಣಿ ಮುಚ್ಚುವ ಯೋಜನೆ, ಅದಕ್ಕೊಂದು ಹಣಕಾಸಿನ ಖಾತರಿ ಕಡ್ಡಾಯ ಅಂತ ನಿಯಮ ಬಂದದ್ದು 2003ರಲ್ಲಿ, ಎರಡು ವರ್ಷ ತಡವಾಗಿ. ಕಲುಷಿತ ನಿವೇಶನಗಳಿಗೆಂದೇ 2025ರ ಜುಲೈನಲ್ಲಿ ಕೇಂದ್ರ ಹೊಸ ನಿಯಮ ಹೊರಡಿಸಿತು. ಕೆಡಿಸಿದವರು ಸಿಗದಿದ್ದರೆ ಸರ್ಕಾರದ ಹಣ ಬಳಸಲು ಅದರಲ್ಲಿ ದಾರಿ ಇದೆ. ಆದರೆ ಗಣಿಗಾರಿಕೆಗೆ ಬೇರೆ ಕಾನೂನು ಇದೆ ಎಂದು ಅದನ್ನು ಸಾಮಾನ್ಯವಾಗಿ ಹೊರಗಿಟ್ಟಿದ್ದಾರೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿಗೆ ಗಣಿ ಪುನಶ್ಚೇತನದ ಹಣ ಸುಪ್ರೀಂ ಕೋರ್ಟ್ ಕಣ್ಗಾವಲಿನಲ್ಲಿದೆ. ಅದು ಅಲ್ಲಿನ ಕಬ್ಬಿಣದ ಅದಿರು ಮಾರಿದ ಹಣ, ಕೋಲಾರಕ್ಕೆ ಬರೋದಿಲ್ಲ.

ಹಾಗಾಗಿ ಉಳಿದ ದಾರಿ ಗುಡ್ಡವೇ. 2024ರ ಜೂನ್‌ನಲ್ಲಿ 13 ಗುಡ್ಡಗಳ, ಸುಮಾರು 1,003 ಎಕರೆಯ ಮೇಲ್ಮೈ ಗಣಿಗಾರಿಕೆಗೆ ರಾಜ್ಯ ಸಂಪುಟ ಒಪ್ಪಿತು. ಕಸದಿಂದಲೇ ಕಸದ ಖರ್ಚು, ಕೇಳೋಕೆ ಚೆನ್ನಾಗಿದೆ. ಲೆಕ್ಕ ಹಾಕಿ ನೋಡೋಣ (ಊಹೆ ನಮ್ಮದು): ಟನ್ನಿಗೆ ಅರ್ಧ ಗ್ರಾಂ ಸಿಕ್ಕಿತು ಅಂದುಕೊಂಡರೆ ಮೂರು ಕೋಟಿ ಟನ್ನಿನಿಂದ 15 ಟನ್ ಚಿನ್ನ. ಮಿಕ್ಕ ಮೂರು ಕೋಟಿ ಟನ್? ಅಲ್ಲೇ ಇರುತ್ತೆ! ಹೊರಗೆ ಹೋದದ್ದು ಚಿನ್ನ ಮಾತ್ರ. ಧೂಳು ಹಾಗೇ ಇದೆ, ಅದೂ ಹೊಸದಾಗಿ ಕೆದಕಿ ಸಡಿಲವಾದ ಧೂಳು. ಆದ್ದರಿಂದ ಮರುಸಂಸ್ಕರಣೆಯನ್ನೇ ಶುದ್ಧೀಕರಣ ಅಂತ ಕರೆಯುವುದನ್ನು ನಾವು ಒಪ್ಪುವುದಿಲ್ಲ. ಶುದ್ಧೀಕರಣ ಅಂದರೆ ಇಳಿಜಾರು ಸರಿಪಡಿಸಿ, ಸುತ್ತ ಚರಂಡಿ ತೋಡಿ, ಮೇಲೆ ಜೇಡಿಮಣ್ಣು ಹೊದಿಸಿ, ಹುಲ್ಲು ಬೆಳೆಸಿ, ವರ್ಷ ವರ್ಷ ಬಾವಿ ನೀರು ಪರೀಕ್ಷಿಸೋದು. ಚಿನ್ನದಲ್ಲಿ ಲಾಭ ಇದೆ, ಹುಲ್ಲಿನಲ್ಲಿ ಇಲ್ಲ. ಕಂಪನಿ ತಾನಾಗಿ ಮಾಡಲ್ಲ.

2024ರ ಮಧ್ಯದ ಬೆಲೆ ಗ್ರಾಂಗೆ ಸುಮಾರು 7,000 ರೂಪಾಯಿ. ಅರ್ಧ ಗ್ರಾಂ ಅಂದರೆ ಟನ್ನಿಗೆ 3,500. ಸಂಸ್ಕರಣೆಯ ಖರ್ಚು ದೊಡ್ಡದೇ ಇರಬಹುದು. ಆದರೂ ಟನ್ನಿಗೆ ಬರೀ 100 ರೂಪಾಯಿ ಎತ್ತಿಟ್ಟರೆ 300 ಕೋಟಿ ಆಗುತ್ತದೆ, ಎಕರೆಗೆ ಹತ್ತಿರ ಹತ್ತಿರ 30 ಲಕ್ಷ. ಈ ಹಣ ಕೆಲಸ ಶುರುವಾಗುವ ಮುಂಚೆಯೇ ಬೇರೆ ಖಾತೆಗೆ ಬೀಳಬೇಕು. ಅದನ್ನು ಬಿಡಿಸುವ ಅಧಿಕಾರ ಗುತ್ತಿಗೆದಾರನ ಕೈಯಲ್ಲಿ ಇರಬಾರದು, ಮಣ್ಣು ಹೊದಿಸಿದ ಅಳತೆ ನೋಡಿ ಬಿಡಿಸಬೇಕು. ಟೆಂಡರ್ ಕಾಗದ ಯಾರ ಕೈಗಾದರೂ ಸಿಕ್ಕರೆ ಮೊದಲು ಹುಡುಕಬೇಕಾದ ಷರತ್ತು ಇದೇ.