ದೀಪವೋ ಎಲ್‌ಇಡಿಯೋ? ತೆರೆಯ ಮೇಲಿನ ಬೆಳಕಿನ ಲೆಕ್ಕ

ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರ ಮುಂದೆ, ಕಳೆದ ಮಳೆಗಾಲದ ಆರಂಭದಲ್ಲಿ, ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿಗಳಿಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ತಾವು ಕಲಿತ ಶಾಲೆಗೆ ಪ್ರೊಜೆಕ್ಟರ್ ಕೊಡಿಸಬೇಕೆಂದು ಅವರು ಚಂದಾ ಕೂಡಿಸಿದ್ದರು. ಅಂಗಡಿಯವರು ಸುಮಾರು ಒಂದೇ ಬೆಲೆಯ ಎರಡನ್ನು ತೋರಿಸಿದ್ದರು. ಒಂದರಲ್ಲಿ ಪಾದರಸದ ದೀಪ. ಅದರ ಬಾಳಿಕೆ 4,000 ಗಂಟೆ. ಇನ್ನೊಂದರಲ್ಲಿ ಎಲ್‌ಇಡಿ, ಬಾಳಿಕೆ 20,000 ಗಂಟೆ. “ಐದು ಪಟ್ಟು ಬಾಳುವುದನ್ನೇ ಕೊಳ್ಳಬೇಕಲ್ಲವೇ, ಸಾರ್?” ಎಂದು ಅವರು ಕೇಳಿದರು.

ನಾನು ಒಡನೆ ಉತ್ತರ ಕೊಡಲಿಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಶಾಲೆಯವರು ಇದನ್ನೇ ಕೇಳಿದಾಗ ನಾನು ಹೌದೆಂದಿದ್ದೆ. ಆಮೇಲೆ ಆ ತರಗತಿಗೆ ಹೋಗಿ ನೋಡಿದರೆ, ಹಿಂದಿನ ಬೆಂಚಿನ ಮಕ್ಕಳು ಮಬ್ಬಾದ ತೆರೆಯನ್ನು ಕಣ್ಣು ಕಿರಿದುಮಾಡಿಕೊಂಡು ಓದಲು ಹೆಣಗುತ್ತಿದ್ದರು. ತಪ್ಪು ನನ್ನ ಲೆಕ್ಕದಲ್ಲಿತ್ತು. ಅದೇನೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆ ಟೆಲಿವಿಷನ್ನಿನ ವಿಷಯದಲ್ಲೂ ಎದ್ದಿತ್ತು. ಹಿಂದೆ ದೊಡ್ಡ ಪೆಟ್ಟಿಗೆಯಂಥ ಒಂದು ಬಗೆಯ ಟೆಲಿವಿಷನ್ ಇದ್ದಿತು. ಪೆಟ್ಟಿಗೆಯೊಳಗಿನ ದೀಪದ ಬೆಳಕು ಉಗುರಿನಷ್ಟು ಗಾತ್ರದ ಫಲಕವೊಂದರ ಮೇಲೆ ಬಿದ್ದು, ಅಲ್ಲಿ ಚಿತ್ರದ ರೂಪ ತಾಳಿ, ಮಸೂರ ಮತ್ತು ಕನ್ನಡಿಗಳ ಮೂಲಕ ತೆರೆಯ ಹಿಂಬದಿಗೆ ಬೀಳುತ್ತಿತ್ತು. 2006ರಲ್ಲಿ ಸ್ಯಾಮ್‌ಸಂಗ್ ಕಂಪನಿಯು ದೀಪದ ಬದಲು ಎಲ್‌ಇಡಿ ಹೂಡಿದ ಇಂಥ ಟೆಲಿವಿಷನ್ನನ್ನು ಮಾರಾಟಕ್ಕೆ ತಂದಿತು. ಆದರೆ ಗೋಡೆಗೆ ತೂಗುಹಾಕುವ ತೆಳುವಾದ ಟೆಲಿವಿಷನ್ನುಗಳ ಮುಂದೆ ಇವು ನಿಲ್ಲಲಿಲ್ಲ. 2012ರ ಕೊನೆಗೆ ಮಿತ್ಸುಬಿಷಿ ಕಂಪನಿಯೂ ಇವುಗಳ ತಯಾರಿಕೆಯನ್ನು ಕೈಬಿಟ್ಟಿತು. ಇಂದು ಎಲ್‌ಇಡಿ ಟಿ.ವಿ. ಎಂದು ಮಾರುವುದು ಬೇರೆಯೇ ವಸ್ತು; ಅದರಲ್ಲಿ ದ್ರವಸ್ಫಟಿಕದ ಹಾಳೆಯ ಹಿಂದೆ ಎಲ್‌ಇಡಿಗಳಿರುತ್ತವೆ. ಆದರೆ ಹಳೆಯ ಪೆಟ್ಟಿಗೆಯ ಅಂತರಂಗ ಇಂದಿನ ಪ್ರೊಜೆಕ್ಟರಿನಲ್ಲಿ ಹಾಗೆಯೇ ಉಳಿದಿದೆ. ಅದರೊಂದಿಗೆ ಪ್ರಶ್ನೆಯೂ ಉಳಿದಿದೆ.

ಈ ಎರಡು ಬೆಳಕುಗಳ ಹುಟ್ಟು ಬೇರೆ ಬೇರೆ. 1923ರಲ್ಲಿ ಉತ್ಪಾದನೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕಬ್ಬಿಣದ ರಸ ಹರಿಯುತ್ತಿದ್ದುದನ್ನು ಕಂಡವರಿಗೆ, ಬಹಳ ಕಾದ ವಸ್ತು ಬೆಳಗುತ್ತದೆಂದು ಹೇಳಬೇಕಾಗಿಲ್ಲ. ಪ್ರೊಜೆಕ್ಟರಿನ ದೀಪದಲ್ಲಿ ಕಾಯುವುದು ಕಬ್ಬಿಣವಲ್ಲ, ಪಾದರಸದ ಆವಿ. ಗಟ್ಟಿಯಾದ ಕ್ವಾರ್ಟ್ಜ್ ಬುರುಡೆಯೊಳಗೆ ಎರಡು ಟಂಗ್‌ಸ್ಟನ್ ಮೊನೆಗಳು ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಂತಿರುತ್ತವೆ. ಅವುಗಳ ನಡುವೆ ವಿದ್ಯುತ್ತಿನ ಕಮಾನು ಉರಿಯುವಾಗ ಒಳಗಿನ ಆವಿಯ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟಾಗುತ್ತದೆ.

ಎಲ್‌ಇಡಿಯು ಬೆಳಗುವುದು ಕಾದದ್ದರಿಂದಲ್ಲ. ಅದೊಂದು ಅರ್ಧವಾಹಕದ ಹರಳು. ಪ್ರವಾಹ ಹರಿದಾಗ ಅದರೊಳಗಿನ ಇಲೆಕ್ಟ್ರಾನುಗಳು ರಂಧ್ರಗಳೆಂಬ ತೆರಪುಗಳನ್ನು ಸೇರುತ್ತವೆ. ಆಗ ಬಿಡುಗಡೆಯಾಗುವ ಶಕ್ತಿಯೇ ಬೆಳಕು. ಪ್ರಖರವಾದ ನೀಲಿ ಎಲ್‌ಇಡಿ ಬಂದದ್ದು 1993ರಲ್ಲಿ. ನೀಲಿ ಎಲ್‌ಇಡಿಯ ಶೋಧಕ್ಕಾಗಿ ಅಕಾಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಕೆಂಪು ಮತ್ತು ಹಸಿರಿನೊಡನೆ ನೀಲಿಯೂ ದೊರೆತ ಮೇಲಷ್ಟೇ ಎಲ್‌ಇಡಿಯಿಂದ ಬಣ್ಣದ ಚಿತ್ರವನ್ನು ಬಿಡಿಸುವುದು ಸಾಧ್ಯವಾಯಿತು.

ಹಾಗಾದರೆ ಎಲ್‌ಇಡಿಗಳ ಸಂಖ್ಯೆಯನ್ನು ಹೆಚ್ಚಿಸಿ ಬೇಕಾದಷ್ಟು ಬೆಳಕು ಪಡೆಯಬಹುದಲ್ಲವೇ ಎಂಬ ಸಂಶಯ ಇಲ್ಲಿ ಹುಟ್ಟಬಹುದು. ಅಡ್ಡಿಯಿರುವುದು ಆ ಉಗುರಿನಷ್ಟು ಫಲಕದಲ್ಲಿ. ಅಗಲವಾದ ಮೂಲದಿಂದ ಬಂದ ಬೆಳಕನ್ನು ಮಸೂರದಿಂದ ಸಣ್ಣ ಜಾಗಕ್ಕೆ ಕೂಡಿಸಿದರೆ ಕಿರಣಗಳು ಹೆಚ್ಚು ಹೆಚ್ಚು ಓರೆಯಾಗುತ್ತವೆ. ಹೀಗೆ ಬಹಳ ಓರೆಯಾದ ಕಿರಣಗಳು ಫಲಕವನ್ನು ಮುಟ್ಟಿದರೂ ಮುಂದಿನ ಮಸೂರದೊಳಕ್ಕೆ ಹೋಗದೆ ವ್ಯರ್ಥವಾಗುತ್ತವೆ. ಯಾವ ಮಸೂರದ ಚಾತುರ್ಯವೂ ಈ ನಿಯಮವನ್ನು ಮೀರಲಾರದು. ಒಂದು ಮಿಲಿಮೀಟರಿನ ಕಮಾನಿನಿಂದ ಹೊರಟ ಬೆಳಕಿಗೆ ಈ ತೊಡಕು ಕಡಮೆ. ಹಲವು ಹರಳುಗಳ ಸಾಲಿನಿಂದ ಹೊರಟದ್ದಕ್ಕೆ ಹೆಚ್ಚು. ಆದುದರಿಂದಲೇ ಒಂದೇ ಬೆಲೆಗೆ ಎಲ್‌ಇಡಿ ಪ್ರೊಜೆಕ್ಟರು ದೀಪದ್ದಕ್ಕಿಂತ ಮಂದವಾಗಿರುವುದು ಸಾಮಾನ್ಯ.

ಇನ್ನು ಲೆಕ್ಕಕ್ಕೆ ಬರೋಣ. ಅಂಗಡಿಯಲ್ಲಿದ್ದ ದೀಪದ ಪ್ರೊಜೆಕ್ಟರಿನ ಬೆಳಕು 3,000 ಲ್ಯೂಮೆನ್, ಎಲ್‌ಇಡಿಯದು 500. ತೆರೆ ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ. ಅಂದರೆ ಮೂರು ಚದರ ಮೀಟರ್. ಚದರ ಮೀಟರೊಂದಕ್ಕೆ ಬೀಳುವ ಲ್ಯೂಮೆನ್ನುಗಳ ಅಳತೆಯೇ ಲಕ್ಸ್. ಆದುದರಿಂದ ಮೊದಲನೆಯದು ತೆರೆಗೆ 1,000 ಲಕ್ಸ್, ಎರಡನೆಯದು 167 ಲಕ್ಸ್ ಬೆಳಕು ಕೊಡುತ್ತದೆ. ಕಿಟಕಿ ತೆರೆದ ತರಗತಿಯಲ್ಲಿ ತೆರೆಯ ಮೇಲೆ 300 ಲಕ್ಸ್ ಹಗಲು ಬೆಳಕು ಬೀಳುತ್ತದೆಂದು ಇಟ್ಟುಕೊಳ್ಳೋಣ. ಆಗ ಚಿತ್ರದ ಕಪ್ಪು ಭಾಗದಲ್ಲೂ 300 ಲಕ್ಸ್ ಇದ್ದೇ ಇರುತ್ತದೆ. ದೀಪದಲ್ಲಿ ಬಿಳುಪು ಕಪ್ಪಿನ 4.3ರಷ್ಟು; ಎಲ್‌ಇಡಿಯಲ್ಲಿ 1.6ರಷ್ಟು ಮಾತ್ರ. ಹಿಂದಿನ ಬೆಂಚಿನ ಮಕ್ಕಳಿಗೆ ಅಕ್ಷರ ಕಾಣದಿದ್ದುದಕ್ಕೆ ಕಾರಣ ಇದೇ. ಕಿಟಕಿಗಳನ್ನು ಮುಚ್ಚಿ ಹೊರಬೆಳಕನ್ನು 10 ಲಕ್ಸಿಗೆ ಇಳಿಸಿದರೆ ಅದೇ ಎಲ್‌ಇಡಿಯಲ್ಲಿ ಬಿಳುಪು ಕಪ್ಪಿನ ಸುಮಾರು 18ರಷ್ಟಾಗುತ್ತದೆ.

ಬಾಳಿಕೆಯ ಲೆಕ್ಕವನ್ನೂ ಹೀಗೆಯೇ ಮಾಡಬೇಕು. ದಿನಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 200 ದಿನ ಶಾಲೆಯಲ್ಲಿ ಬಳಸಿದರೆ 400 ಗಂಟೆ. ದೀಪ ಹತ್ತು ವರ್ಷ ಬರುತ್ತದೆ. ಬಾಳಿಕೆಯೆಂದರೆ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವ ಕಾಲ. ಆಗಲೂ ಆ ದೀಪ ಈ ಎಲ್‌ಇಡಿಯ ಮೂರರಷ್ಟು ಬೆಳಗುತ್ತಿರುತ್ತದೆ. ಎಲ್‌ಇಡಿಯ ಐವತ್ತು ವರ್ಷ ಶಾಲೆಗೆ ಬರಿಯ ಅಂಕಿ. ಅಷ್ಟು ಕಾಲ ಉಳಿದ ಭಾಗಗಳು ಉಳಿಯಬೇಕಲ್ಲ! ಆದರೆ ಮನೆಯಲ್ಲಿ ದಿನಕ್ಕೆ ಐದು ಗಂಟೆ ನೋಡುವವರ ದೀಪ ಎರಡು ವರ್ಷ ಕಳೆಯುತ್ತಲೇ ಮುಗಿಯುತ್ತದೆ. ರಾತ್ರಿ ಕತ್ತಲ ಕೋಣೆಯಲ್ಲಿ ನೋಡುವ ಅಂಥವರಿಗೆ ಎಲ್‌ಇಡಿಯೇ ತಕ್ಕದ್ದು.

ಇನ್ನೆರಡು ಮಾತುಗಳನ್ನು ಮಲೆನಾಡಿನವರು ಮರೆಯಬಾರದು. ಮಳೆಗಾಲದಲ್ಲಿ ವಿದ್ಯುತ್ತು ತಟಕ್ಕನೆ ಹೋದರೆ ಫ್ಯಾನೂ ನಿಂತು ಕಾದ ಬುರುಡೆಗೆ ಕೇಡಾಗುತ್ತದೆ. ವಿದ್ಯುತ್ತು ಮರಳಿದರೂ ಆವಿಯ ಒತ್ತಡ ಇಳಿಯುವವರೆಗೆ ದೀಪ ಹೊತ್ತಿಕೊಳ್ಳದು. ಎಲ್‌ಇಡಿಗೆ ಈ ಕಾಯುವಿಕೆಯಿಲ್ಲ. ದೀಪ ಕೊಳ್ಳುವವರು ಯು.ಪಿ.ಎಸ್. ಇರಿಸಿಕೊಳ್ಳುವುದು ಮೇಲು. ಮತ್ತೆ, ಬುರುಡೆಯಲ್ಲಿರುವುದು ಪಾದರಸ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯಬೇಕು. ಹಳೆಯ ಬುರುಡೆಯನ್ನು ಕಸದ ತೊಟ್ಟಿಗೆ ಎಸೆಯದೆ ಇ-ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಬೇಕು. ಹಣ ಹೆಚ್ಚಿದ್ದವರಿಗೆ ಲೇಸರ್ ಪ್ರೊಜೆಕ್ಟರೂ ಉಂಟು. ಅದು ಪ್ರಖರವೂ ಹೌದು, ಬಾಳುವುದೂ ಹೌದು.

ಆ ಇಬ್ಬರು ಮಿತ್ರರನ್ನು ನಾನು ಮೊದಲು ಶಾಲೆಗೆ ಕರೆದೊಯ್ದೆ. ಕೊಠಡಿಗೆ ಎರಡು ಕಡೆಯೂ ದೊಡ್ಡ ಕಿಟಕಿಗಳು. ಮಕ್ಕಳು ಟಿಪ್ಪಣಿ ಬರೆದುಕೊಳ್ಳಲು ಬೆಳಕೂ ಬೇಕು. ಅವರು ದೀಪದ್ದನ್ನೇ ಕೊಂಡು, ಉಳಿದ ಹಣದಲ್ಲಿ ಯು.ಪಿ.ಎಸ್. ತಂದರು. ನಾನು ತಪ್ಪು ಸಲಹೆ ಕೊಟ್ಟಿದ್ದ ಶಾಲೆಗೆ ಕಪ್ಪು ಬಟ್ಟೆಯ ಪರದೆಗಳನ್ನು ಹೊಲಿಸಿ ಹಾಕಿಸಿದೆ. ಅಲ್ಲೀಗ ಅದೇ ಎಲ್‌ಇಡಿ ಸೊಗಸಾಗಿ ಕೆಲಸ ಮಾಡುತ್ತಿದೆ. ವಾಚಕರೂ ಕೊಳ್ಳುವ ಮುನ್ನ ಯಂತ್ರವನ್ನು ತಮ್ಮ ಕೊಠಡಿಗೇ ತರಿಸಿ, ಹಾಡುಹಗಲಲ್ಲಿ ಹೊತ್ತಿಸಿ, ಕೊನೆಯ ಬೆಂಚಿನಲ್ಲಿ ಕುಳಿತು ಓದಿ ನೋಡಲಿ.