ಗಬ್ಬದ ಮೊದಲ ತಿಂಗಳು ಹಂದಿಯನ್ನು ಕದಲಿಸಬೇಡಿ

ಹೆಣ್ಣುಹಂದಿಗೆ ಗಂಡು ಕೊಡಿಸಿ ವಾರ ಕಳೆಯುತ್ತಲೇ ಅದನ್ನು ಬೇರೆ ಗೂಡಿಗೆ ಅಟ್ಟಿ, ಗುರುತಿಲ್ಲದ ಹಂದಿಗಳ ಜೊತೆ ಸೇರಿಸುವವರಿದ್ದಾರೆ. ದಯವಿಟ್ಟು ಒಂದು ತಿಂಗಳು ತಡೆಯಿರಿ. ಆ ದಿನಗಳಲ್ಲಿ ಭ್ರೂಣಗಳು ಗರ್ಭಕೋಶದೊಳಗೆ ತೇಲುತ್ತಿರುತ್ತವೆ. ಗೋಡೆಗೆ ಅಂಟಿಕೊಳ್ಳಲು ಶುರುಮಾಡುವುದೇ ಸುಮಾರು 13ನೇ ದಿನದ ನಂತರ. ಅದಕ್ಕೂ ಮೊದಲು, 11–12ನೇ ದಿನಕ್ಕೆ, ಅವು ಈಸ್ಟ್ರೊಜೆನ್ ಸ್ರವಿಸಿ ತಮ್ಮ ಇರವನ್ನು ತಾಯಿಗೆ ತಿಳಿಸಬೇಕು. ಕನಿಷ್ಠ ನಾಲ್ಕೈದು ಭ್ರೂಣಗಳಾದರೂ ಇಲ್ಲದಿದ್ದರೆ ಆ ಸಂದೇಶ ಸಾಲದು. ಆಗ ಅಂಡಾಶಯದ ಮೇಲೆ ಪ್ರೊಜೆಸ್ಟೆರಾನ್ ತಯಾರಿಸುತ್ತಿದ್ದ ಪುಟ್ಟ ಗಂಟುಗಳು ಕರಗಿಹೋಗುತ್ತವೆ, ಹಂದಿ ಮತ್ತೆ ಬೆದೆಗೆ ಬರುತ್ತದೆ. 114 ದಿನದ ಗಬ್ಬ ಕೊನೆಯವರೆಗೂ ನಿಂತಿರುವುದು ಈ ಗಂಟುಗಳನ್ನೇ ನಂಬಿ. ಕಾದಾಟ, ಸಾಗಾಟ, ಬೇಸಿಗೆಯ ಸೆಕೆ ಇವೆಲ್ಲ ಎಳೆಯ ಭ್ರೂಣಗಳಿಗೆ ಕುತ್ತು. ನೆರಳು, ತಣ್ಣೀರು, ನೆಮ್ಮದಿ ಕೊಡಿ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಮುಂದಿನ ಸೂಲಿನ ಮೊಟ್ಟೆಗಳು ಬಲಿಯುವುದು ಈಗಿನ ಮರಿಗಳು ಹಾಲು ಕುಡಿಯುವಾಗಲೇ. ಆಗ ತಾಯಿಗೆ ಹೊಟ್ಟೆತುಂಬ ಮೇವಿಲ್ಲದೆ ಎಲುಬು ಕಂಡರೆ ಬೆದೆ ತಡವಾಗುತ್ತದೆ, ಮರಿಗಳೂ ಕಡಿಮೆ. ಮೊದಲ ಸೂಲಿನ ಹಂದಿಗಂತೂ ಕೈಬಿಚ್ಚಿ ಹಾಕಿ. ಚೆನ್ನಾಗಿ ಉಂಡ ಹಂದಿ ಹಾಲು ಬಿಡಿಸಿದ 4ರಿಂದ 7 ದಿನಕ್ಕೆ ಬೆದೆಗೆ ಬರುತ್ತದೆ.

ಗಂಡು ಕೊಡಿಸಿದ 18ರಿಂದ 24ನೇ ದಿನದವರೆಗೆ ದಿನಕ್ಕೊಮ್ಮೆ ಗಂಡುಹಂದಿಯನ್ನು ಅದರೆದುರು ನಡೆಸಿ ನೋಡಿ. ಸೊಂಟ ಒತ್ತಿದಾಗ ಕದಲದೆ ನಿಂತರೆ ಗಬ್ಬ ನಿಂತಿಲ್ಲ. ತಿಂಗಳಾದ ಮೇಲೆ ಪಶುವೈದ್ಯರಿಂದ ಸ್ಕ್ಯಾನ್ ಮಾಡಿಸಿ.